ಮಂಗಗಳಿಗೆ ನಾನು ಆರಿಸಿದ ನಡುಗಡ್ಡೆ

ಮಂಗನನ್ನು ಕೊಲ್ಲುವುದು ನಮ್ಮೂರಲ್ಲಿ ಮಹಾಪಾಪ. ಹಾಗಾಗಿ ನಾವು ಕೊಲ್ಲಲಿಲ್ಲ, ನೀರು ದಾಟಿಸಿದೆವು.

ಹೊಸನಗರದ ಕಡೆ, ಶರಾವತಿ ಹಿನ್ನೀರಿನ ದಂಡೆಯಲ್ಲಿ ನಮ್ಮೂರು. ನಾನು ಸಾಗರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ, ಶನಿವಾರ ಊರಿಗೆ ಬರುತ್ತೇನೆ. ಆ ವರ್ಷ ಮಂಗಗಳು ಹಲಸಿನ ಮಿಡಿಯಿಂದ ಶುರುಮಾಡಿ ಹಾಲುಗಟ್ಟಿದ ಭತ್ತದವರೆಗೆ ಏನನ್ನೂ ಬಿಡಲಿಲ್ಲ. ನಾನು ಹಟಕ್ಕೆ ಬಿದ್ದು ನೆಟ್ಟಿದ್ದ ಬಾಳೆಯಲ್ಲಿ ಒಂದು ಗೊನೆಯೂ ಕೈಗೆ ಸಿಗಲಿಲ್ಲ. ಅತ್ತಿಗೆ ಒಣಗಿಸಲು ಇಟ್ಟ ಹಪ್ಪಳವನ್ನು ಅವಳ ಎದುರೇ ಕೂತು ಮುರಿದು ತಿಂದವು. ನನಗಂತೂ ತಲೆ ಕೆಟ್ಟುಹೋಗಿತ್ತು. ಆದರೆ ಮನೆಮನೆಯಲ್ಲೂ ಹನುಮಂತನ ಪಟ ಇರುವಾಗ ಕೋವಿ ಎತ್ತುವವರು ಯಾರು?

ಊರವರು ಸೇರಿ ಹೊರಗಿನಿಂದ ಮಂಗ ಹಿಡಿಯುವವರನ್ನು ಕರೆಸಲು ತೀರ್ಮಾನಿಸಿದರು. ಹಿಡಿದ ಮೇಲೆ ಎಲ್ಲಿ ಬಿಡುವುದು ಎಂಬ ಪ್ರಶ್ನೆ ಬಂತು. ತಮ್ಮ ಗಡಿಯಲ್ಲಿ ಬಿಟ್ಟರೆ ಪಕ್ಕದೂರಿನವರು ಸುಮ್ಮನಿರುವವರಲ್ಲ. ಆಗ ಯಂತ್ರದ ದೋಣಿ ಇಟ್ಟುಕೊಂಡಿದ್ದ ನೆರೆಮನೆಯವರು ನನ್ನ ಕಡೆ ತಿರುಗಿದರು.

"ನೀವು ಓದ್ದೋರು, ಹೇಳಿ ಮಾರಾಯ್ರೆ. ನಡುಗಡ್ಡೇಲಿ ಬಿಟ್ರೆ ಈಜ್ಕಂಡು ವಾಪಸ್ ಬರ್ತಾವಾ?"

ಹಿನ್ನೀರಿನಲ್ಲಿ ಮುಳುಗಿದ ಗುಡ್ಡಗಳ ನೆತ್ತಿಗಳೇ ನಮ್ಮ ನಡುಗಡ್ಡೆಗಳು. ಮಂಗನಿಗೆ ಈಜು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ದಡದಿಂದ ಎಲ್ಲಕ್ಕಿಂತ ದೂರದ್ದನ್ನು ಹೇಳಿದೆ. ಅಲ್ಲಿ ಅಕೇಶಿಯಾ ಮರ ಬಿಟ್ಟರೆ ಬರೀ ಜಂಬಿಟ್ಟಿಗೆ ಕಲ್ಲು ಎನ್ನುವುದೂ ಗೊತ್ತಿತ್ತು. ಒಂದು ಜಾಗ ಎಷ್ಟು ಜೀವಗಳನ್ನು ಸಾಕಬಲ್ಲದು, ಅದನ್ನು ಮೀರಿದರೆ ಏನಾಗುತ್ತದೆ ಎಂದು ಆ ವಾರವೇ ಬೋರ್ಡಿನ ಮೇಲೆ ಗೆರೆ ಎಳೆದು ಪಾಠ ಮಾಡಿದ್ದೆ. ಅಲ್ಲಿ ಅವು ಏನು ತಿನ್ನುತ್ತವೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೆಲಗಡಲೆ ಆಸೆಗೆ ಮೂವತ್ತೆಂಟು ಮಂಗಗಳು ಬೋನಿಗೆ ಬಿದ್ದವು. ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದ ಒಂದು ತಾಯಿ ಸರಳಿನ ಆಚೆಗೆ ಕೈ ಚಾಚಿ ನನ್ನ ಅಂಗಿ ಹಿಡಿಯಿತು. ಕೊಡವಿಕೊಂಡೆ. ಹೆಂಗಸರು ಆರತಿ ಎತ್ತಿ, ಬೋನಿನೊಳಗೆ ಬಾಳೆಹಣ್ಣು ಹಾಕಿ, ಕೈಮುಗಿದರು. ದೋಣಿ ಹೊರಡುವಾಗ ಯಾರೋ ಅಭ್ಯಾಸಬಲದಿಂದ "ಹೋಗ್ಬನ್ನಿ" ಎಂದುಬಿಟ್ಟರು. "ಬನ್ನಿ ಅನ್ಬ್ಯಾಡಿ, ಹೋಗಿ ಅಷ್ಟೇ ಅನ್ನಿ!" ಎಂದು ಅತ್ತಿಗೆ ಗದರಿದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಸಂಕ್ರಾಂತಿ ಕಳೆದ ಮೇಲೆ ನೆರೆಮನೆಯವರ ಜೊತೆ ಆ ಕಡೆ ಹೋದೆ. ಕುತೂಹಲ ಎಂದು ಹೇಳಿಕೊಂಡೆ. ಎಂಜಿನ್ ಸದ್ದು ಕೇಳಿದ್ದೇ ತಡ, ಮಂಗಗಳು ನೀರಿನ ಅಂಚಿಗೆ ಓಡಿಬಂದವು. ಹಿಂದಿನ ಸಲ ಇದೇ ದೋಣಿಯಲ್ಲಿ ಬಾಳೆಹಣ್ಣು ಬಂದಿತ್ತಲ್ಲ. ಎಣಿಸಿದೆ, ಹನ್ನೊಂದು ಇದ್ದವು. ಅವುಗಳ ಹಿಂದೆ ಮರಗಳ ತೊಗಟೆ ಬುಡದಿಂದ ತುದಿಯವರೆಗೂ ಸುಲಿದುಹೋಗಿತ್ತು. ಒಂದು ತಾಯಿಯ ತೋಳಿನಲ್ಲಿ ಮರಿಯಿತ್ತು, ಒಣಗಿ ಚರ್ಮವಷ್ಟೇ ಉಳಿದಿತ್ತು. ಅಂಗಿ ಹಿಡಿದದ್ದು ಅದೇ ತಾಯಿಯೋ ಬೇರೆಯದೋ, ನನಗೆ ಗುರುತು ಹತ್ತಲಿಲ್ಲ.

ಅಷ್ಟರಲ್ಲಿ ಒಂದು ಮಂಗ ನೀರಿಗೆ ಹಾರಿ ನಮ್ಮ ಕಡೆ ಈಜತೊಡಗಿತು.

"ಎಂತ ಮಾಡಾಣ ಸಾರ್? ಹತ್ತುಸ್ಕಣಾಣಾ?" ಎಂದು ನೆರೆಮನೆಯವರು ಕೇಳಿದರು.

"ತಿರುಗ್ಸಿ," ಎಂದೆ.

ಅದು ಬಹಳ ಹೊತ್ತು ನಮ್ಮ ಹಿಂದೆಯೇ ಬಂತು. ಆಮೇಲೆ ನಾನು ಮುಂದೆ ನೋಡುತ್ತಾ ಕೂತೆ. ನಾಚಿಕೆಯಾಯಿತು ಎಂದರೆ ಅರ್ಧ ಸುಳ್ಳು. ಹೆಚ್ಚಾಗಿ ಆದದ್ದು ಹೆದರಿಕೆ: ಊರವರಿಗೆ ಗೊತ್ತಾದರೆ ಪಾಪವೆಲ್ಲ ನನ್ನ ತಲೆಗೆ ಕಟ್ಟುತ್ತಾರೆ. ಬಾಯಿ ಬಿಡಬಾರದೆಂದು ದೋಣಿಯಲ್ಲೇ ಮಾತಾಯಿತು. ಮನೆಯಲ್ಲಿ ಅತ್ತಿಗೆ ಕೇಳಿದಳು, "ಹ್ಯಾಂಗಿದಾವೋ?"

"ಚೆನ್ನಾಗಿದಾವೆ," ಎಂದೆ. ಅವಳು ಸಮಾಧಾನದ ಉಸಿರು ಬಿಟ್ಟು, ನನಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಮೇಲಿನ ಕಾಡಿನಿಂದ ಮತ್ತೊಂದು ಗುಂಪು ಇಳಿಯಿತು. ಊಟ ಇರುವ ಜಾಗ ಖಾಲಿ ಬಿದ್ದರೆ ಬೇರೆಯವು ಬಂದು ತುಂಬುತ್ತವೆ. ನನ್ನ ಕ್ಲಾಸಿನಲ್ಲಿ ಫೇಲಾಗುವವರೂ ಇದನ್ನು ಸರಿಯಾಗಿ ಬರೆಯುತ್ತಾರೆ. ಬಾಳೆ ಮತ್ತೆ ಹೋಯಿತು, ಭತ್ತವೂ ಹೋಯಿತು. ಈ ಸಲ ಯಾರೂ ನನ್ನನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಶನಿವಾರ ನಾನು ಬರುವಷ್ಟರಲ್ಲಿ ಬೋನುಗಳು ದೋಣಿ ಹತ್ತಿದ್ದವು. ಇವುಗಳಲ್ಲಿ ಮರಿಗಳೇ ಹೆಚ್ಚು.

"ಎಲ್ಲಿಗೆ?" ಎಂದೆ.

"ಎಲ್ಲಿಗೆ ಅಂದ್ರೆ? ಅಲ್ಲಿಗೇ," ಎಂದಳು ಅತ್ತಿಗೆ. "ಅಲ್ಲಿ ಚೆನ್ನಾಗಿದಾವೆ ಅಂತ ನೀನೇ ಹೇಳಿದ್ಯಲ್ಲ."

ನೆರೆಮನೆಯವರು ಎಂಜಿನ್ನಿನ ಹಗ್ಗ ಹಿಡಿದು, ಎಳೆಯದೆ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಂದು ಮಾತು ಹೇಳಿದ್ದರೆ ಅವರು ಇಳಿದುಬಿಡುತ್ತಿದ್ದರು. ಊರೆಲ್ಲ ದಂಡೆಯಲ್ಲೇ ನಿಂತಿತ್ತು.

"ಆ ಕೊನೇ ಬೋನು ಸ್ವಲ್ಪ ನಡೂಕೆ ತಳ್ಳಿ," ಎಂದೆ. "ದೋಣಿ ವಾಲ್ತಾ ಇದೆ."