ಗಡಿಯಾರಣ್ಣನ ಬಸ್ಸು ತಡವಾದ ದಿನ

ಬಹುಕಾಲದಿಂದ ಒಂದೇ ದಾರಿಯಲ್ಲಿ ಸಿಟಿ ಬಸ್ಸು ಓಡಿಸುತ್ತಿರುವ ಈ ಡ್ರೈವರನ್ನು ಡಿಪೋದಲ್ಲಿ ಎಲ್ಲರೂ ಗಡಿಯಾರಣ್ಣ ಎಂದೇ ಕರೆಯುತ್ತಾರೆ. ಅವರು ಯಾರಿಗೂ ಕಾದವರಲ್ಲ. ಒಮ್ಮೆ ಸ್ವಂತ ಬಾವಮೈದನೇ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿಬಂದಾಗಲೂ ಕನ್ನಡಿಯಲ್ಲಿ ನೋಡಿ ಗೇರು ಬದಲಿಸಿದ್ದರಂತೆ. ಬಾವಮೈದ ಈಗಲೂ ಮನೆಗೆ ಊಟಕ್ಕೆ ಬರುತ್ತಾರೆ. ಮಾತು ಮಾತ್ರ ಅಕ್ಕನೊಂದಿಗೆ.

ಇಂಥವರ ಬಸ್ಸು ತಡವಾದದ್ದು ಒಂದೇ ದಿನ, ಮಗಳು ಸೇನೆಗೆ ಹೊರಟ ದಿನ. ಡಿಪೋದ ವಿಶ್ರಾಂತಿ ಕೊಠಡಿಯಲ್ಲಿ, ಟಯರು ಮತ್ತು ಡೀಸೆಲ್ಲಿನ ವಾಸನೆಯ ನಡುವೆ, ಅವರೂ ಅವರ ಕಂಡಕ್ಟರೂ ಅದನ್ನು ನನಗೆ ಬೇರೆ ಬೇರೆಯಾಗಿ ಹೇಳಿದರು. ಎರಡೂ ಹೇಳಿಕೆಗಳು ಬಹುಮಟ್ಟಿಗೆ ಹೊಂದುತ್ತವೆ. ಹೊಂದದ ಕಡೆ ಕಂಡಕ್ಟರನ್ನು ನಂಬಿದ್ದೇನೆ.

ಮಗಳು ಬೆಳಗಿನ ರೈಲು ಹಿಡಿದು ಸಂಜೆಯೊಳಗೆ ತರಬೇತಿ ಕೇಂದ್ರದಲ್ಲಿ ಹಾಜರಾಗಬೇಕಿತ್ತು. ಆ ರೈಲು ತಪ್ಪಿದರೆ ಅಂದು ಬೇರೆ ರೈಲಿರಲಿಲ್ಲ. ಆಟೋದಲ್ಲಿ ಹೋಗುತ್ತೇನೆಂದ ಅವಳನ್ನು ತಾಯಿಯೇ ತಡೆದರು. "ಸುಮ್ನೆ ಅಪ್ಪನ ಬಸ್ಸಲ್ಲಿ ಹೋಗು. ಸೂರ್ಯ ಬೇಕಾದ್ರೆ ಲೇಟಾಗ್ತಾನೆ, ಇವರಾಗಲ್ಲ."

ಮೊದಲ ನಿಲ್ದಾಣದಲ್ಲೇ ಸೂರ್ಯನ ಮಾನ ಉಳಿಯಿತು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಪೇಪರ್ ಮಾರುವವರನ್ನು ಕೇಳಿದರು:

"ಏನ್ ಸ್ವಾಮಿ, ಇವತ್ತು ಪೇಪರಲ್ಲಿ ಏನ್ ವಿಶೇಷ?"

"ಏನಿಲ್ಲಣ್ಣ."

"ಹಾಗಾದ್ರೆ ಅವರಿಗಿನ್ನೂ ಸುದ್ದಿ ಮುಟ್ಟಿಲ್ಲ. ಮಗಳು ಮಿಲಿಟರಿಗೆ ಹೊರಟ್ಲು. ನೋಡಿ, ಬಾಗಿಲ ಪಕ್ಕದ ಸೀಟು."

ಕಂಡಕ್ಟರ್ ಎರಡು ಬೆಲ್ಲು ಹೊಡೆದರು. ಹೊರಡು ಎಂಬುದಕ್ಕೆ ಅದೇ ಗುರುತು. ಬಸ್ಸು ಅಲುಗಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಅವಳಿಗೆ ಲೆಕ್ಕ ಕಲಿಸಿದ್ದ ಟೀಚರು ಹತ್ತಿದರು. "ಇವಳನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಲ್ಲ ಮೇಡಂ, ಇನ್ಮೇಲೆ ಇವಳು ಬಂದ್ರೆ ನಾವೇ ಎದ್ದು ನಿಲ್ಬೇಕು!"

"ನಿಲ್ಲೋಣ. ಸದ್ಯ ಬಸ್ಸು ನಿಂತಿದೆ, ಅದನ್ನ ಓಡ್ಸಿ," ಎಂದರು ಟೀಚರು.

ಆಮೇಲಿನ ನಿಲ್ದಾಣದಲ್ಲಂತೂ, ದೂರದಿಂದ ಓಡಿಬರುತ್ತಿದ್ದ ಪ್ರಯಾಣಿಕರೊಬ್ಬರು ಬಸ್ಸು ತಮಗಾಗಿ ಕಾದಿರುವುದನ್ನು ಕಂಡು ಗಾಬರಿಗೊಂಡು, "ಕೆಟ್ಟೋಯ್ತಾ?" ಎಂದು ಕೇಳಿದರಂತೆ. ಅವರಿಗೂ ಸುದ್ದಿ ಸಿಕ್ಕಿತು.

"ಮಾಮ, ಇನ್ನೊಂದ್ಸಲ ಬೆಲ್ ಹೊಡೀರಿ," ಎಂದಳು ಮಗಳು.

"ಹೊಡೆದೂ ಹೊಡೆದೂ ಹಗ್ಗ ಸವೀತಾ ಇದೆ ಮರಿ. ನಿಮ್ಮಪ್ಪಂಗೆ ಇವತ್ತು ಕಿವಿ ರಜಾ, ಬಾಯಿಗೆ ಓವರ್‌ಟೈಮು."

ಅವಳು ಎದ್ದು ಮುಂದೆ ಹೋದಳು. "ಅಪ್ಪ, ರೈಲು ತಪ್ಪಿದ್ರೆ ವಾಪಸ್ ಬರೋದೂ ಇದೇ ಬಸ್ಸಲ್ಲೇ. ಆಗ ಇವರಿಗೆಲ್ಲ ಏನಂತ ಹೇಳ್ತೀಯ?"

ಮಾತು ನಾಟಿತು. ಅಲ್ಲಿಂದ ರೈಲ್ವೆ ಸ್ಟೇಷನ್ನಿನವರೆಗೆ ಗಡಿಯಾರಣ್ಣ ತುಟಿ ಬಿಚ್ಚಲಿಲ್ಲ. ನಡುವಿನ ನಿಲ್ದಾಣಗಳಲ್ಲಿ ಬಸ್ಸು ನಿಂತಂತೆ ಮಾಡಿ ಹೊರಡುತ್ತಿದ್ದುದರಿಂದ ಇಳಿಯುವವರು ಇಳಿದೆವೋ ಇಲ್ಲವೋ ಎಂದು ಕಾಲು ಮುಟ್ಟಿ ನೋಡಿಕೊಳ್ಳುವಂತಾಯಿತು.

ರೈಲು ಪ್ಲಾಟ್‌ಫಾರಂಗೆ ಬಂದಾಗಿತ್ತು. ಮಗಳು ಬ್ಯಾಗು ಹೆಗಲಿಗೇರಿಸಿ ಧುಮುಕಿದಳು. ಕಂಡಕ್ಟರ್ ಎರಡು ಬೆಲ್ಲು ಹೊಡೆದರು. ಮತ್ತೆ ಹೊಡೆದರು. ಡ್ರೈವರು ಕನ್ನಡಿಯಲ್ಲಿ ಕಣ್ಣು ನೆಟ್ಟು ಕುಳಿತೇ ಇದ್ದರು. ಆಫೀಸಿಗೆ ತಡವಾಗುತ್ತಿದ್ದವರೂ ಗೊಣಗಲಿಲ್ಲ.

ಸ್ಟೇಷನ್ ಬಾಗಿಲಲ್ಲಿ ಅವಳು ತಿರುಗಿ ನೋಡಿದಳು. ಬಸ್ಸು ಹಾಗೇ ನಿಂತಿತ್ತು. ಓಡಿಬಂದು, ಅದರ ಪಕ್ಕೆಗೆ ಅಂಗೈಯಿಂದ ಎರಡು ಏಟು ಬಡಿದು ಕೂಗಿದಳು: "ರೈಟ್! ರೈಟ್!"

ಬಸ್ಸು ಹೊರಟಿತು. ಅವಳು ಮತ್ತೆ ಓಡಿದಳು. ಸ್ವಲ್ಪ ಹೊತ್ತಿಗೆ ಕಂಡಕ್ಟರ ಫೋನಿಗೆ ಕರೆ ಬಂತು: "ಹತ್ತಿದೆ ಮಾಮ. ಅಪ್ಪಂಗೆ ಹೇಳಿ."

"ಕಂಡಕ್ಟರ್ ಬೆಲ್ಲು ಬೇರೆ," ಎಂದು ಡ್ರೈವರು ನನಗೆ ವಿವರಿಸಿದರು. "ಅವಳದು ಮಿಲಿಟರಿ ಆರ್ಡರ್. ಮೀರೋ ಹಾಗಿಲ್ಲ." ಆಗ ಕಣ್ಣೊರೆಸಿಕೊಂಡದ್ದು ಧೂಳಿಗಂತೆ. ಧೂಳಿನ ವಿಷಯ ಕಂಡಕ್ಟರಿಗೆ ನೆನಪಿಲ್ಲ.

ಕೊನೆಯ ನಿಲ್ದಾಣದಲ್ಲಿ ಕಂಟ್ರೋಲರು ಆಶ್ಚರ್ಯದಿಂದ ವಾಚು ನೋಡಿ, "ಏನಣ್ಣ, ನೀವು ಲೇಟಾ? ಯಾಕೆ?" ಎಂದು ಕೇಳಿಬಿಟ್ಟರು.

ವಾಪಸ್ ಟ್ರಿಪ್ಪೂ ತಡವಾಗಿಯೇ ಹೊರಟಿತು.