ಬಡಿಗೇರ ಹೇಮಪ್ಪ ಕೂಡಿಸಿದ ಹಿಂದಿನ ಗಾಜು

ಬೆಟಗೇರಿಯಲ್ಲಿ ನಾನು ಮಾಸ್ತರನಾಗಿದ್ದಾಗ ನನ್ನ ಬಾಡಿಗೆ ಮನೆಯ ಎದುರಿಗೇ ಬಡಿಗೇರ ಹೇಮಪ್ಪನ ಛಪ್ಪರವಿತ್ತು. ಅವನು ಚಕ್ಕಡಿ ಮಾಡುವವನು. ಕಟ್ಟಿಗೆಯ ಗಾಲಿಗೆ ಕೆಂಪಗೆ ಕಾಯಿಸಿದ ಕಬ್ಬಿಣದ ಹಳಿಯನ್ನು ಏರಿಸಿ ನೀರು ಸುರಿದರೆ, ಅದು ಗಾಲಿಯನ್ನು ಅವುಚಿ ಹಿಡಿಯುತ್ತಿತ್ತು. ನಡುವೆ ಕೂದಲೆಳೆ ತೂರಿದರೂ ಆ ಗಾಲಿಯನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ. ಹರ್ತಿಯ ರೈತರು, ಅಂತೂರ ಬೆಂತೂರದವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಲಾರಿಗಳು ಹೆಚ್ಚಿದಂತೆ ಚಕ್ಕಡಿ ಮಾಡಿಸುವವರು ಕಡಿಮೆಯಾದರು.

ಕನ್ನಡ ನಾಡು ಒಂದಾದ ವರ್ಷವದು. ಲಕ್ಷ್ಮೇಶ್ವರದ ಹತ್ತಿಯ ವ್ಯಾಪಾರಿ ವಿರೂಪಾಕ್ಷಪ್ಪನವರು ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಮೋಟಾರೊಂದರ ಇಂಜಿನ್ನು, ಅಡಿಯ ಚೌಕಟ್ಟು, ಗಾಲಿ ಇಷ್ಟನ್ನೇ ತಂದು, ಮೇಲಿನದನ್ನೆಲ್ಲ ಕಟ್ಟಿಗೆಯಲ್ಲಿ ಕಟ್ಟಿಕೊಡಲು ಹೇಮಪ್ಪನಿಗೆ ಒಪ್ಪಿಸಿದರು. ಇದು ಚೆನ್ನಾಗಿ ಆದರೆ ತಮ್ಮ ಎರಡು ಲಾರಿಗಳ ಬಾಡಿ ಕಟ್ಟುವ ಕೆಲಸವೂ ಅವನಿಗೇ ಎಂದರು. ಆ ಕೆಲಸ ಸಿಗದಿದ್ದರೆ ಉಳಿ ಬಾಚಿ ಕಟ್ಟಿಟ್ಟು ಹತ್ತಿಯ ಕಾರಖಾನೆಯ ಕೂಲಿಗೆ ಹೋಗುವುದೇ ಎಂದು ಹೇಮಪ್ಪ ತನ್ನ ಹೆಂಡತಿ ಕರೆವ್ವನಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಎರಡು ತಿಂಗಳಲ್ಲಿ ಮೋಟಾರು ಎದ್ದು ನಿಂತಿತು. ಹಿಂಭಾಗದ ಕಮಾನಿನಾಕಾರದ ಕಿಟಕಿಯೊಂದು ಉಳಿಯಿತು. ಅಂಥ ಗಾಜು ಎಲ್ಲಿಯೂ ಸಿದ್ಧವಾಗಿ ಸಿಗುವುದಿಲ್ಲ. ಫೋಟೋಗಳಿಗೆ ಕಟ್ಟು ಹಾಕುವ ನಿಜಾಮುದ್ದೀನ ಹೇಮಪ್ಪನ ಬಾಲ್ಯದ ಗೆಳೆಯ. ರಟ್ಟಿನಲ್ಲಿ ಅಳತೆ ತೆಗೆದುಕೊಂಡು ಹೋಗಿ, ದಪ್ಪ ಗಾಜನ್ನು ಕೊಯ್ದು ತಂದ. ಜೊತೆಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿಯನ್ನೂ ತಂದಿದ್ದ.

“ಲೇ ಹೇಮ್ಯಾ, ಬೇಕಂತನ ಅಳತಿಗಿಂತ ಒಂದು ನೂಲು ಸಣ್ಣ ಕೊಯ್ದೀನಿ. ಸುತ್ತ ಈ ರಬ್ಬರ ಹಾಕಿ ಕೂಡ್ರಸು. ದಾರ್‍ಯಾಗ ಮೋಟಾರ ಮೈ ತಿರುವತೈತಿ. ಗಾಜಿಗೆ ಅಳ್ಳಾಡಾಕ ಜಾಗ ಬೇಕು.”

“ಸಡಿಲ ಕೆಲಸ ನಮ್ಮ ಮನಿತನದಾಗ ಯಾರೂ ಮಾಡಿಲ್ಲ. ನೀ ಗ್ವಾಡಿಗೆ ತೂಗಹಾಕೋ ಫೋಟೋ ಮಾಡಾಂವ. ಅವೇನು ಓಡ್ತಾವೇನು?”

“ಓಡಂಗಿಲ್ಲ. ಅದಕ್ಕ ಒಂದೂ ಒಡದಿಲ್ಲ,” ಎಂದು ನಿಜಾಮುದ್ದೀನ ನಗುತ್ತ ಹೋದ.

ಹೇಮಪ್ಪ ರಬ್ಬರನ್ನು ಬದಿಗಿಟ್ಟ. ಉಳಿದ ಸಂದಿಗೆ ತೇಗಿನ ತೆಳುವಾದ ಬೆಣೆಗಳನ್ನು ಬಡಿದು, ಗಾಜು ಮಿಸುಕದಂತೆ ಕೂಡಿಸಿದ.

ಮೋಟಾರು ಒಯ್ದ ನಾಲ್ಕನೆಯ ದಿನ ವಿರೂಪಾಕ್ಷಪ್ಪನವರು ತಾಯಿ ಬಸವಣ್ಣೆವ್ವನನ್ನು ಕೂಡಿಸಿಕೊಂಡು ಶಿರಹಟ್ಟಿಯ ದಾರಿಯಲ್ಲಿ ಬರುವಾಗ, ಹಳ್ಳವೊಂದರ ದಡ ಏರುವಲ್ಲಿ ಗಾಜು ಸಿಡಿಯಿತು. ಮುದುಕಿಗೆ ಕಿವಿಯ ಹಿಂದೆ ಆಳವಾಗಿ ಕೊಯ್ದು ಏಳು ಹೊಲಿಗೆ ಬಿದ್ದವು.

ವಿರೂಪಾಕ್ಷಪ್ಪ ಸಾಹುಕಾರರು ಮೋಟಾರನ್ನು ಛಪ್ಪರದ ಮುಂದೆ ತಂದು ನಿಲ್ಲಿಸಿದರು. “ಆ ನಿಜಾಮುದ್ದೀನ ಬಿರುಕು ಬಿಟ್ಟ ಗಾಜು ಕೊಟ್ಟಾನ. ನಿನ್ನ ಕಟ್ಟಿಗಿ ನೋಡು, ಎಲ್ಲೂ ಕದಲಿಲ್ಲ. ದೀಪಾವಳಿ ಆದಮ್ಯಾಲೆ ಲಾರಿ ಕಳಸ್ತೀನಿ.”

ಹೇಮಪ್ಪ ಕಿಟಕಿಯತ್ತ ನೋಡಿದ. ಒಡೆದ ಚೂರುಗಳನ್ನು ಬೆಣೆಗಳು ಇನ್ನೂ ಬಿಗಿಯಾಗಿ ಕಚ್ಚಿಕೊಂಡಿದ್ದವು. ತಪ್ಪು ಎಲ್ಲಿ ಆಯಿತೆಂದು ಅವನಿಗೆ ಆಗಲೇ ತಿಳಿಯಿತು.

“ಆತ್ರಿ ಸಾವ್ಕಾರ್ರ,” ಎಂದಷ್ಟೇ ಅಂದ.

ನಿಜಾಮುದ್ದೀನ ಕೆಟ್ಟ ಗಾಜು ಮಾರುತ್ತಾನೆಂಬ ಮಾತು ಪೇಟೆಯಲ್ಲಿ ಹಬ್ಬಿತು. ಅವನ ಅಂಗಡಿಯ ಮುಂದೆ ಜನ ನಿಲ್ಲಲಿಲ್ಲ. ಹೊಸ ರಾಜ್ಯದ ನಕಾಶೆಗೆ ಕಟ್ಟು ಹಾಕಿಸಬೇಕಾಗಿದ್ದ ನಾನೂ ಅದನ್ನು ಬೇರೆ ಅಂಗಡಿಗೆ ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ನಿಜಾಮುದ್ದೀನ ಮಾತ್ರ ರಬ್ಬರಿನ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ.

ಎಂಟು ದಿನ ಹೇಮಪ್ಪ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ಕಿಟಕಿಯಿಂದ ಕಿತ್ತಿಟ್ಟಿದ್ದ ಬೆಣೆಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿ, ಸಾಹುಕಾರರ ಮುಂದೆ ಬಿಚ್ಚಿಟ್ಟು ಎಲ್ಲವನ್ನೂ ಹೇಳಿದ.

“ಇರ್‍ಲಿ ಬಿಡಪ್ಪಾ, ಗಾಯ ಮಾಯಾಕ ಹತ್ತೇತಿ,” ಎಂದಳು ಬಸವಣ್ಣೆವ್ವ.

ಸಾಹುಕಾರರು ಬಯ್ಯಲಿಲ್ಲ. ಆದರೆ ಲಾರಿಗಳನ್ನು ಬಾಡಿ ಕಟ್ಟಿಸಲು ಹುಬ್ಬಳ್ಳಿಗೆ ಕಳಿಸಿದರು.

ಲಕ್ಷ್ಮೇಶ್ವರದಿಂದ ಮರಳಿದ ಸಂಜೆಯೇ ಹೇಮಪ್ಪ ನಿಜಾಮುದ್ದೀನನ ಅಂಗಡಿಗೆ ಹೋದ. ಗೆಳೆಯ ಏನೆನ್ನುವನೋ ಎಂಬ ಅಳುಕಿನಿಂದ ನನ್ನನ್ನೂ ಕರೆದೊಯ್ದಿದ್ದ.

“ತಪ್ಪು ನಂದು ಅಂತ ಸಾವ್ಕಾರ್ರಿಗೆ ಹೇಳಿ ಬಂದೆ, ನಿಜಾಮ.”

ನಿಜಾಮುದ್ದೀನ ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟ. “ಛಲೋ ಮಾಡಿದಿ. ಎಂಟು ದಿನ ಯಾಕ ಬೇಕಾತು, ಹೇಮಪ್ಪ?”

ಅವನು ಮತ್ತೆ ಗಾಜನ್ನು ಎತ್ತಿಕೊಂಡು ಒರೆಸತೊಡಗಿದ. ನಾವಿಬ್ಬರೂ ಹಿಂದಿರುಗಿದೆವು.

ಹೇಮಪ್ಪ ಕಾರಖಾನೆಯ ಕೂಲಿಗೆ ಸೇರಿದ. ಕೆಟ್ಟ ಗಾಜಿನ ಮಾತು ಪೇಟೆಯಲ್ಲಿ ಅಳಿಯಲೇ ಇಲ್ಲ; ಮರುವರ್ಷ ನಿಜಾಮುದ್ದೀನ ಅಂಗಡಿಯನ್ನು ಮುಂಡರಗಿಗೆ ಒಯ್ದ. ಆ ಕಡೆಯಿಂದ ಬಂದವರು ಯಾರೇ ಸಿಗಲಿ, ನಿಜಾಮನ ಅಂಗಡಿ ಹೇಗೆ ನಡೆದಿದೆಯೆಂದು ಹೇಮಪ್ಪ ಕೇಳುತ್ತಿದ್ದ. ತಾನು ಮಾತ್ರ ಸಾಯುವವರೆಗೂ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ.