ಯಾರ ಮನೆಯ ಸಾಲಿಗ್ರಾಮ

ಆ ಭಾನುವಾರ ನಮ್ಮವರು ಎಂದಿನಂತೆ ಬಸವನಗುಡಿಯ ಮನೆಯಲ್ಲಿ ಪೂಜೆಗೆ ಕೂತಿದ್ದರು. ನೈವೇದ್ಯದ ಹಾಲಿಟ್ಟು ನಾನು ದೇವರಮನೆ ಬಾಗಿಲಲ್ಲಿ ನಿಂತಿದ್ದೆ. ಸಾಲಿಗ್ರಾಮಕ್ಕೆ ನೀರು ಬಿಡುತ್ತಾ, ಮಂತ್ರದ ನಡುವೆಯೇ ಮಾತಾಡುವುದು ಅವರ ಅಭ್ಯಾಸ. ನಿವೃತ್ತಿಯಾದರೂ ವಿಜ್ಞಾನದ ಮೇಷ್ಟರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ.

"ಇದು ಸಮುದ್ರದ ಪ್ರಾಣಿ ಕಣೇ. ಸತ್ತಿದ್ದೇ ಕೆಸರು ಮುಚ್ಕೊಳ್ತು, ಅದಕ್ಕೇ ಉಳೀತು. ಹಾಗೇ ಬಿದ್ದಿದ್ರೆ ಬೇರೆಯವು ತಿಂದು ಮುಗಿಸ್ತಿದ್ವು. ಮೈ ಕೊಳೀತು, ಕೆಸರು ಕಲ್ಲಾಯ್ತು, ಆಮೇಲೆ ಚಿಪ್ಪೂ ಕರಗಿಹೋಯ್ತು. ಈ ಸುರುಳಿ ಅದರ ಅಚ್ಚು."

"ಪೂಜೆ ಮಾಡೋವಾಗ ಹೆಣದ ಮಾತಾಡ್ಬೇಡಿ."

"ಹೆಣ ಎಲ್ಲಿದೆ? ಅಚ್ಚು ಅಂದೆ. ಆ ಪ್ರಾಣಿಗಳ ಕುಲವೇ ಈಗ ಇಲ್ಲ."

"ಚಿಪ್ಪಿದ್ದೂ ಯಾಕೆ ಒಂದೂ ಉಳೀಲಿಲ್ಲ ಹಾಗಾದ್ರೆ?"

"ಆಕಾಶದಿಂದ ದೊಡ್ಡ ಬಂಡೆ ಬಿದ್ದು, ಧೂಳೆದ್ದು ಬಿಸಿಲೇ ಇಲ್ಲದ ಹಾಗಾಯ್ತಂತೆ. ಸಮುದ್ರದಲ್ಲಿ ಮರಿಗಳಿಗೆ ತಿನ್ನೋಕೆ ಏನೂ ಸಿಗ್ಲಿಲ್ಲ. ಚಿಪ್ಪು ಹೊಟ್ಟೆ ತುಂಬ್ಸುತ್ತೇನೇ? ಹೋಗು, ಕಾಫಿಗಿಡು."

ಸೋಮವಾರ ಗಾಂಧಿ ಬಜಾರಿಗೆ ಹೂವಿಗೆ ಹೋದವರು ಅಲ್ಲೇ ಕುಸಿದುಬಿದ್ದರು. ಆಸ್ಪತ್ರೆ ತಲುಪುವ ಮೊದಲೇ ಎದೆಬಡಿತ ನಿಂತಿತ್ತು.

ಸೂತಕದ ಮನೆಯಲ್ಲಿ ಪೂಜೆ ಮಾಡುವಂತಿಲ್ಲ. ಸಾಲಿಗ್ರಾಮವನ್ನು ಪೂಜೆಯಿಲ್ಲದೆ ಇಡುವಂತೆಯೂ ಇಲ್ಲ. ಚಾಮರಾಜಪೇಟೆಯ ಆಚಾರ್ಯರು ಬಂದು ಸಾಲಿಗ್ರಾಮದ ಪೆಟ್ಟಿಗೆ ತೆಗೆದುಕೊಂಡು ಹೋದರು. ಹದಿಮೂರು ದಿನ ಕಳೆದ ಮೇಲೆ ವಾಪಸು ತರಲು ನಾನೇ ಹೋದೆ.

"ಮನೇಲಿ ಪೂಜೆಗೆ ಗಂಡಸರಿಲ್ಲ, ಯಾಕಮ್ಮಾ ಈಗ?" ಎಂದರು ಅವರು.

ಪೂಜೆಗಲ್ಲ. ನಮ್ಮವರು ದಿನವೂ ಕೈಯಲ್ಲಿ ಹಿಡಿದಿದ್ದ ಕಲ್ಲು ಮನೆಯಲ್ಲಿರಬೇಕಿತ್ತು, ಅಷ್ಟೇ. "ಕೊಡಿ," ಎಂದೆ.

ಅವರು ತಟ್ಟೆಯೊಂದನ್ನು ತಂದಿಟ್ಟರು. ಅದರಲ್ಲಿ ಐದು ಕಪ್ಪು ಕಲ್ಲುಗಳು.

"ಮೂರು ಮನೆ ಸೂತಕ ಒಟ್ಟಿಗೆ ಬಂತಮ್ಮಾ, ಉಳಿದೆರಡು ಮನೇದು ಎರಡೆರಡು ಕಲ್ಲು. ನನಗೆ ಸೊಂಟ ಬೇರೆ ಹಿಡ್ಕೊಂಡಿತ್ತು. ಎಲ್ಲಾ ಒಂದೇ ತಟ್ಟೇಲಿಟ್ಟು ಅಭಿಷೇಕ ಮಾಡ್ಬಿಟ್ಟೆ. ನಿಮ್ದು ಯಾವುದು, ನೀವೇ ಹೇಳ್ಬೇಕು."

ಮೂವತ್ತೊಂದು ವರ್ಷ ಬಾಗಿಲಲ್ಲಿ ನಿಂತು ನೋಡಿದ್ದೆ. ಹೆಂಗಸರು ಮುಟ್ಟಬಾರದು ಎಂದು ನಮ್ಮತ್ತೆ ಹೇಳಿದ್ದರು, ಮುಟ್ಟಿರಲಿಲ್ಲ. ಅಷ್ಟೆಲ್ಲ ವಿಜ್ಞಾನ ಹೇಳಿದ ನಮ್ಮವರೂ ಒಂದು ದಿನ ಮುಟ್ಟಿನೋಡು ಎನ್ನಲಿಲ್ಲ. ನಾನೂ ಕೇಳಲಿಲ್ಲ.

"ಯಾವುದಾದ್ರೇನಮ್ಮಾ, ಎಲ್ಲಾ ನಾರಾಯಣನೇ. ಒಂದು ತಗೊಂಡ್ಹೋಗಿ."

"ನಾರಾಯಣ ಎಲ್ಲಾ ಕಡೆ ಇದಾನೆ ಆಚಾರ್ರೇ. ನನಗೆ ನಮ್ಮನೇದು ಬೇಕು."

ಅವರು ಕೈ ತೊಳೆದು ಬರುತ್ತೇನೆಂದು ಒಳಗೆ ಹೋದರು. ತುಂಬಾ ಹೊತ್ತು ಬರಲಿಲ್ಲ. ನಾನು ಒಂದೊಂದನ್ನೇ ಎತ್ತಿ ಹಿಡಿದೆ. ಎಲ್ಲವೂ ತಣ್ಣಗಿದ್ದವು. ಎಲ್ಲದರಲ್ಲೂ ಸುರುಳಿ ಇತ್ತು. ನಮ್ಮವರ ಕೈಗಾಗಿದ್ದರೆ ತಿಳಿಯುತ್ತಿತ್ತು. ನನ್ನ ಕೈಗೆ ಏನೂ ತಿಳಿಯಲಿಲ್ಲ.

ಖಾಲಿ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಮನೆಗೆ ಬಂದೆ. ಕಲ್ಲು ಆಚಾರ್ಯರ ತಟ್ಟೆಯಲ್ಲೇ ಇದೆ. ಐದರಲ್ಲಿ ನಮ್ಮದು ಯಾವುದು ಎಂದು ಇನ್ನೂ ಗೊತ್ತಿಲ್ಲ.